ಪ್ರಬಲ ಜಾತಿ: ಪರಿಕಲ್ಪನೆಯನ್ನು ಒಂದು ಊರಿನಲ್ಲಿ ಒರೆಹಚ್ಚಿ ನೋಡುವ ಬಗೆ

ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಮತ್ತೆ ಮತ್ತೆ ಎಡವುವ ಜಾಗ ಇದು: ಪ್ರಬಲ ಜಾತಿ ಎಂದರೆ ಮೇಲ್ಜಾತಿ ಎಂದು ಬರೆದುಬಿಡುತ್ತಾರೆ. ಈ ಪರಿಕಲ್ಪನೆ ಕೊಟ್ಟ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕಂಡದ್ದು ಬೇರೆಯೇ: ಊರಿನ ಹಿಡಿತ ಯಾರ ಕೈಯಲ್ಲಿದೆಯೋ ಆ ಜಾತಿ. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದರು. ಬರಹಗಳಲ್ಲಿ ಅದನ್ನು ‘ರಾಂಪುರ’ ಎಂದು ಕರೆದರು. ಮಡಿ-ಮೈಲಿಗೆಯ ಲೆಕ್ಕದಲ್ಲಿ ಅಲ್ಲಿ ಬ್ರಾಹ್ಮಣರು ಮೇಲೆ. ಊರಿನ ಹಿಡಿತವಿದ್ದದ್ದು ಮಾತ್ರ ಒಕ್ಕಲಿಗರ ಕೈಯಲ್ಲಿ.

ಶ್ರೀನಿವಾಸ್ ಪ್ರಕಾರ ಪ್ರಾಬಲ್ಯ ಅಳೆಯಲು ನೋಡಬೇಕಾದ್ದು ಜನಸಂಖ್ಯೆ, ಜಮೀನು ಮತ್ತು ರಾಜಕೀಯ ಬಲ. ಜೊತೆಗೆ ಆಚರಣೆಯ ಶ್ರೇಣಿಯಲ್ಲಿ ತೀರಾ ಕೆಳಗಿರದ ಸ್ಥಾನ. 1959ರ ಲೇಖನದಲ್ಲಿ ಆಧುನಿಕ ಶಿಕ್ಷಣ ಮತ್ತು ಸರ್ಕಾರಿ ನೌಕರಿಯನ್ನೂ ಸೇರಿಸಿದರು. ಇವುಗಳಲ್ಲಿ ಒಂದಿದ್ದು ಉಳಿದವು ಇಲ್ಲದಿದ್ದರೆ ಪ್ರಾಬಲ್ಯ ಅರ್ಧಂಬರ್ಧ.

ಇದನ್ನು ಪ್ರಾಜೆಕ್ಟ್ ಆಗಿ ಮಾಡುವವರು ಒಂದೇ ಗ್ರಾಮ ಆರಿಸಿಕೊಳ್ಳಿ, ಹೋಬಳಿಯನ್ನಲ್ಲ. ಪ್ರಾಬಲ್ಯ ಊರಿಂದೂರಿಗೆ ಬದಲಾಗುತ್ತದೆ. ಮೊದಲು ಕೇರಿಗಳ ನಕ್ಷೆ ಬರೆದು ಮನೆಗಳನ್ನು ಎಣಿಸಿ. 1951ರಿಂದ 2011ರವರೆಗಿನ ಜನಗಣತಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳದ್ದು ಬಿಟ್ಟರೆ ಜಾತಿವಾರು ಲೆಕ್ಕ ಸಿಗುವುದಿಲ್ಲ. ಹಾಗಂತ ಬಾಗಿಲಲ್ಲಿ ನಿಂತು ಜಾತಿ ಕೇಳಬೇಡಿ. ಊರಿನ ಹಿರಿಯರು ಇಬ್ಬರು ಮೂವರನ್ನು, ಬೇರೆ ಬೇರೆ ಕೇರಿಯವರನ್ನು, ಕೇಳಿ ತಾಳೆ ನೋಡಿ.

ಜಮೀನಿನ ಲೆಕ್ಕಕ್ಕೆ ಹೆಚ್ಚು ಸಮಯ ಕೊಡಿ, ಮೋಸಹೋಗುವುದು ಇಲ್ಲೇ. ಪಹಣಿಯಲ್ಲಿ ವಿಸ್ತೀರ್ಣ ಎಕರೆ-ಗುಂಟೆಯಲ್ಲಿರುತ್ತದೆ (40 ಗುಂಟೆಗೆ ಒಂದು ಎಕರೆ), ಜಾತಿ ಇರುವುದಿಲ್ಲ. ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗದೆ ಎಷ್ಟೋ ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಹೆಸರಿಗೆ ಒಂದು ಪಹಣಿ, ಉಳುವವರು ನಾಲ್ಕು ಮನೆಯವರು. ವಾರಕ್ಕೆ (ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ) ಮಾಡುವವರು ದಾಖಲೆಯಲ್ಲಿ ಕಾಣಿಸುವುದೂ ಅಪರೂಪ. ತರಿಯ (ನೀರಾವರಿ ಜಮೀನಿನ) ಎಕರೆಯನ್ನೂ ಖುಷ್ಕಿಯ (ಮಳೆಯಾಶ್ರಿತ ಜಮೀನಿನ) ಎಕರೆಯನ್ನೂ ಕೂಡಿಸಿಬಿಟ್ಟರೆ ಲೆಕ್ಕವೇ ಕೆಡುತ್ತದೆ. ತರಿ, ಖುಷ್ಕಿ, ಬಾಗಾಯ್ತು (ತೋಟ) ಎಂದು ಮೂರು ಕಾಲಂ ಮಾಡಿ.

300 ಮನೆಗಳ ಊರು ಎಂದಿಟ್ಟುಕೊಳ್ಳಿ. ಒಂದು ಗುಂಪಿನ 130 ಮನೆಗಳಲ್ಲಿ ಬಹುಪಾಲು ಕೂಲಿಯವರು. ಇನ್ನೊಂದು ಗುಂಪಿನ 80 ಮನೆಗಳಿಗೆ ನಾಲೆಯ ಕೆಳಗಿನ ಜಮೀನು. ನಾಟಿ, ಕಟಾವಿನ ಕೂಲಿಗೆ 130 ಮನೆಯವರು ಆ 80 ಮನೆಗಳಿಗೇ ಹೋಗಬೇಕಾದರೆ ತಲೆ ಎಣಿಕೆ ಒಂದರಿಂದಲೇ ಪ್ರಾಬಲ್ಯ ತೀರ್ಮಾನವಾಗುವುದಿಲ್ಲ.

ರಾಜಕೀಯ ಬಲಕ್ಕೆ ಗ್ರಾಮ ಪಂಚಾಯಿತಿ ಅಧ್ಯಕ್ಷರ ಜಾತಿಯನ್ನಷ್ಟೇ ನೋಡಿದರೆ ಸಾಲದು. ಆ ಸ್ಥಾನ ಮೀಸಲಾತಿಯಂತೆ ಸರದಿಯಲ್ಲಿ ಬದಲಾಗುತ್ತದೆ. ಹಾಲಿನ ಡೈರಿ, ಸೊಸೈಟಿ, ದೇವಸ್ಥಾನ ಸಮಿತಿಗಳಲ್ಲಿ ಯಾರಿದ್ದಾರೆ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಬದು ಜಗಳವೋ ದನ ಮೇಯ್ದ ತಕರಾರೋ ಬಂದಾಗ ಬೇರೆ ಜಾತಿಯವರೂ ನ್ಯಾಯಕ್ಕೆ ಯಾರ ಜಗಲಿಗೆ ಹೋಗುತ್ತಾರೆ ಎಂದು ಕೇಳಿ. ಶ್ರೀನಿವಾಸ್ ಇದಕ್ಕೆ ತುಂಬ ತೂಕ ಕೊಟ್ಟಿದ್ದರು, ಸರಿಯಾಗಿಯೇ ಕೊಟ್ಟಿದ್ದರು. ಇಂದು ಅಂಥ ಜಗಳ ಪೊಲೀಸ್ ಠಾಣೆಗೋ ಕೋರ್ಟಿಗೋ ಹೋಗುತ್ತಿದ್ದರೆ ಅದನ್ನೂ ಬರೆದುಕೊಳ್ಳಿ. ಹಳೆಯ ಹಿಡಿತ ಸಡಿಲವಾಗಿರುವುದಕ್ಕೆ ಅದು ಸುಳಿವು.

ಶಿಕ್ಷಣ, ನೌಕರಿಯ ವಿವರ ಮನೆವಾರು ಒಂದು ಸಾಲಿದ್ದರೆ ಸಾಕು.

ವರದಿ ಬರೆಯುವಾಗ ಊರಿಗೂ ಜನರಿಗೂ ಬೇರೆ ಹೆಸರು ಕೊಡಿ. ‘ಇಂಥ ಜಾತಿಯವರೆಲ್ಲ ಬಲಾಢ್ಯರು’ ಎಂಬ ವಾಕ್ಯ ಬಂದರೆ ಹೊಡೆದುಹಾಕಿ. ಸಮಾಜಶಾಸ್ತ್ರಜ್ಞ ಎಸ್.ಸಿ. ದುಬೆ ಎತ್ತಿದ ಆಕ್ಷೇಪ ಇಲ್ಲಿ ನೆನಪಿರಲಿ: ಎಷ್ಟೋ ಕಡೆ ಅಧಿಕಾರ ಇರುವುದು ಇಡೀ ಜಾತಿಯ ಕೈಯಲ್ಲಲ್ಲ, ಅದರೊಳಗಿನ ಕೆಲವೇ ವ್ಯಕ್ತಿಗಳ ಕೈಯಲ್ಲಿ. ಅದೇ ಜಾತಿಯಲ್ಲಿ ಗುಂಟೆ ಜಮೀನೂ ಇಲ್ಲದವರು ಇರುತ್ತಾರೆ. ಅವರ ಮನೆಗಳೆಷ್ಟು ಎಂಬುದನ್ನು ನಿಮ್ಮ ಕೋಷ್ಟಕದಲ್ಲಿ ಬೇರೆ ಸಾಲಿನಲ್ಲಿ ತೋರಿಸಿ.