ತೂಕ ನೋಡಿ ಪ್ರೋಟೀನ್ ಗುರುತಿಸುವುದು ಹೇಗೆ?

ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಯಾವ ಪ್ರೋಟೀನಿನ ಹೆಸರೂ ಗೊತ್ತಿಲ್ಲ. ಅದು ತೂಕ ಹೇಳುತ್ತದೆ, ಅಷ್ಟೇ. ಹೆಸರು ಪತ್ತೆ ಮಾಡುವ ಕೆಲಸ ನಮ್ಮದು. ಹಿಮೋಗ್ಲೋಬಿನ್ ಇಟ್ಟುಕೊಂಡು ಇದನ್ನು ನೋಡೋಣ.

ಕೆಂಪು ರಕ್ತಕಣಗಳನ್ನು ಒಡೆದು, ಅದರ ಪ್ರೋಟೀನನ್ನು ಜೆಲ್‌ನಲ್ಲಿ ಓಡಿಸಿ (ವಿದ್ಯುತ್ ಹರಿಸಿ ಗಾತ್ರದಂತೆ ಬೇರ್ಪಡಿಸಿ), ಕೂಮಾಸಿ ಬಣ್ಣ ಹಾಕಿ. 15-16 ಕಿಲೋಡಾಲ್ಟನ್ (ಡಾಲ್ಟನ್ ಎಂದರೆ ಅಣುಗಳ ತೂಕದ ಅಳತೆ, ಕಿಲೋ ಎಂದರೆ ಸಾವಿರ) ಆಸುಪಾಸಿನಲ್ಲಿ ದಪ್ಪ ನೀಲಿ ಬ್ಯಾಂಡ್ ಕಾಣುತ್ತದೆ. ಅದನ್ನು ಹೊಸ ಬ್ಲೇಡಿನಿಂದ ಕತ್ತರಿಸಿ, ಸಣ್ಣ ಚೂರು ಮಾಡಿ, ಬಣ್ಣ ಹೋಗುವವರೆಗೆ ತೊಳೆಯಿರಿ.

ಈ ಹಂತದಲ್ಲಿ ಗ್ಲೌಸ್ ಬೇಕೇ ಬೇಕು. ಕೂದಲು, ಚರ್ಮದ ಪುಡಿ, ಉಣ್ಣೆಯ ಸ್ವೆಟರ್ ಎಲ್ಲದರಲ್ಲೂ ಕೆರಾಟಿನ್ ಎಂಬ ಪ್ರೋಟೀನ್ ಇದೆ. ಜೆಲ್ ಮೇಲೆ ಬಗ್ಗಿ ನೋಡಿದರೂ ಸಾಕು, ಒಂದಿಷ್ಟು ಉದುರುತ್ತದೆ. ಆಮೇಲೆ ದುಬಾರಿ ಯಂತ್ರ ನಿಮ್ಮದೇ ತಲೆಹೊಟ್ಟಿನ ವರದಿ ಕೊಡುತ್ತದೆ!

ಮುಂದೆ ಡಿಟಿಟಿ ಎಂಬ ರಾಸಾಯನಿಕ ಹಾಕಿ 56 ಡಿಗ್ರಿಯಲ್ಲಿ ಇಡಿ. ಗಂಧಕದ ಬಂಧಗಳು ಬಿಡುತ್ತವೆ. ಅವು ಮತ್ತೆ ಕೂಡದಂತೆ ಅಯೋಡೋಅಸಿಟಮೈಡ್ ಹಾಕಿ ಕತ್ತಲಲ್ಲಿಡಿ, ಬೆಳಕಿಗೆ ಅದು ಕೆಡುತ್ತದೆ. ಇದರಿಂದ ಪ್ರತಿ ಸಿಸ್ಟೀನ್‌ನ (ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಗಂಧಕವಿರುವ ಒಂದು) ತೂಕ 57 ಡಾಲ್ಟನ್ ಜಾಸ್ತಿಯಾಗುತ್ತದೆ. ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ ಟ್ರಿಪ್ಸಿನ್. 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಇದು ಕಂಡಕಂಡಲ್ಲಿ ಕತ್ತರಿಸುವ ಕಿಣ್ವವಲ್ಲ. ಲೈಸಿನ್ ಅಥವಾ ಆರ್ಜಿನಿನ್ ಎಂಬ ಅಮೈನೋ ಆಮ್ಲ ಆದ ಮೇಲೆ ಮಾತ್ರ ಕತ್ತರಿಸುತ್ತದೆ, ಮುಂದೆ ಪ್ರೋಲಿನ್ ಇದ್ದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಹಾಗಾಗಿಯೇ ಯಾವ ಪ್ರೋಟೀನಿನಿಂದ ಎಷ್ಟು ತೂಕದ ತುಂಡುಗಳು ಬರಬೇಕೆಂದು ಮೊದಲೇ ಲೆಕ್ಕ ಹಾಕಬಹುದು. ಒಂದೇ ತೂಕದ ಪ್ರೋಟೀನ್‌ಗಳು ಎಷ್ಟೋ ಇರುತ್ತವೆ, ಆದರೆ ತುಂಡುಗಳ ತೂಕದ ಪಟ್ಟಿ ಪೂರ್ತಿ ಹೊಂದುವುದು ಅಪರೂಪ.

ತುಂಡುಗಳಿಂದ ಉಪ್ಪು ತೆಗೆದು, ಮ್ಯಾಟ್ರಿಕ್ಸ್ ಎಂಬ ಆಮ್ಲದ ಜೊತೆ ಬೆರೆಸಿ, ಉಕ್ಕಿನ ತಟ್ಟೆಯ ಮೇಲೆ ಒಣಗಿಸಿ. ಲೇಸರ್ ಬಿದ್ದಾಗ ತುಂಡುಗಳು ಒಡೆಯದೆ ಮೇಲೇಳುತ್ತವೆ. ಹಗುರವಾದದ್ದು ಮೊದಲು ಗುರಿ ಮುಟ್ಟುತ್ತದೆ, ಆ ಹೊತ್ತಿನಿಂದಲೇ ತೂಕದ ಲೆಕ್ಕ. ದೊಡ್ಡ ಅಣುಗಳನ್ನು ಹೀಗೆ ನಾಜೂಕಾಗಿ ಮೇಲೆಬ್ಬಿಸುವ ದಾರಿ ತೋರಿಸಿದ್ದಕ್ಕೆ ಕೊಯಿಚಿ ತನಕಾ ಮತ್ತು ಜಾನ್ ಫೆನ್ ಅವರಿಗೆ 2002ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ತನಕಾ ಬಳಸಿದ್ದು ಲೇಸರ್, ಫೆನ್ ಬಳಸಿದ್ದು ವಿದ್ಯುತ್ ಸಿಂಪಡಣೆ.

ತುಂಡುಗಳ ತೂಕವನ್ನು ಗೆರೆಗಳಾಗಿ ತೋರಿಸುವ ಗ್ರಾಫ್ ಬಂದ ಕೂಡಲೇ 842.5 ಮತ್ತು 2211.1ರಲ್ಲಿ ಏನಿದೆ ನೋಡಿ. ಹಂದಿಯ ಟ್ರಿಪ್ಸಿನ್ ಬಳಸಿದ್ದರೆ, ಅದು ತನ್ನನ್ನೇ ಕತ್ತರಿಸಿಕೊಂಡ ತುಂಡುಗಳು ಅವು. ಯಂತ್ರದ ಅಳತೆ ಸರಿಯಿದೆಯೇ ಎಂದು ಅವುಗಳಿಂದಲೇ ತಿಳಿಯುತ್ತದೆ.

ಇನ್ನು ಹಿಮೋಗ್ಲೋಬಿನ್. ಇದರ ಬೀಟಾ ಸರಪಳಿಯ ಮೊದಲ ತುಂಡು 952.5ರಲ್ಲಿ ಬರಬೇಕು. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರ ರಕ್ತದಲ್ಲಿ ಅದು 922.5ರಲ್ಲಿ ಕಾಣುತ್ತದೆ. ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಕೂತಿರುವುದೇ ಈ 30 ಡಾಲ್ಟನ್‌ಗೆ ಕಾರಣ. ಒಬ್ಬ ಮನುಷ್ಯನನ್ನು ಕಾಡುವ ಕಾಯಿಲೆ ಇಷ್ಟು ಸಣ್ಣ ಅಂತರದಲ್ಲಿ ಕಾಣುತ್ತದೆ, ಅಲ್ವಾ? ಎರಡೂ ತುಂಡುಗಳು ಕಂಡರೆ, ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಆ ಜೀನ್ ಬಂದಿರಬಹುದು.

ಆದರೆ ಒಂದು ಗೆರೆ ನಂಬಿ ತೀರ್ಪು ಕೊಡಬೇಡಿ. ಆ ತುಂಡನ್ನೇ ಆರಿಸಿ ಮತ್ತೆ ಒಡೆಸಿ. ಅಕ್ಕಪಕ್ಕದ ಗೆರೆಗಳ ಅಂತರದಿಂದ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಓದಬಹುದು: 99 ಬಂದರೆ ವ್ಯಾಲಿನ್, 129 ಬಂದರೆ ಗ್ಲುಟಾಮಿಕ್ ಆಮ್ಲ. ಲ್ಯೂಸಿನ್ ಮತ್ತು ಐಸೋಲ್ಯೂಸಿನ್ ಮಾತ್ರ ಎರಡೂ 113, ಇಲ್ಲಿ ಬೇರೆ ಮಾಡಲಾಗದು.

ಡೇಟಾಬೇಸ್‌ನಲ್ಲಿ ಹುಡುಕುವಾಗ ಸಿಸ್ಟೀನ್‌ಗೆ ಆ 57 ಸೇರಿಸಲು ಮರೆಯಬೇಡಿ, ಮರೆತರೆ ಆ ತುಂಡುಗಳು ಸಿಗುವುದೇ ಇಲ್ಲ. ಉತ್ತರಗಳ ಸಾಲಿನಲ್ಲಿ ಕೆರಾಟಿನ್ ಮೇಲಿದ್ದರೆ ಸಾಫ್ಟ್‌ವೇರ್ ಜೊತೆ ಸುಮ್ನೆ ಗುದ್ದಾಡಬೇಡಿ. ಹೊಸ ಗ್ಲೌಸ್ ಹಾಕಿಕೊಂಡು ಇನ್ನೊಂದು ಜೆಲ್ ಓಡಿಸಿ.