ಹದಿನಾರು ಜನ, ಒಂದು ಟೆಲಿಸ್ಕೋಪ್

ಮೊದಲ ಸಲ ಗುಂಪು ಕಟ್ಟಿಕೊಂಡು ನಕ್ಷತ್ರ ನೋಡಲು ಹೋದಾಗ ನನ್ನ ತಯಾರಿಯೆಲ್ಲಾ ಟೆಲಿಸ್ಕೋಪಿನದೇ ಆಗಿತ್ತು. ಕನ್ನಡಿಗಳನ್ನು ಹೊಂದಿಸಿಟ್ಟಿದ್ದೆ. ಯಾವ ಹೊತ್ತಿಗೆ ಯಾವುದು ಮೇಲೆ ಬರುತ್ತದೆ ಅಂತ ಬರೆದುಕೊಂಡಿದ್ದೆ. ನಗರದಿಂದ 45 ಕಿಲೋಮೀಟರ್ ಆಚೆ, ಪರಿಚಯದವರ ಖಾಲಿ ಜಮೀನು. ಎಲ್ಲರೂ ಬಂದರು, ಕತ್ತಲಾಯಿತು. ಏಳೂವರೆಗೆ ಸರಿಯಾಗಿ ಪಕ್ಕದ ಶೆಡ್ಡಿನ ಮೇಲಿದ್ದ ದೊಡ್ಡ ಲೈಟು ತಾನಾಗಿಯೇ ಹತ್ತಿಕೊಂಡಿತು. ನಮ್ಮೆಲ್ಲರ ನೆರಳು ನೆಲದ ಮೇಲೆ ಉದ್ದಕ್ಕೆ ಬಿತ್ತು. ಆರಿಸಲು ಅಲ್ಲಿ ಯಾರೂ ಇರಲಿಲ್ಲ. ಆ ಜಾಗವನ್ನು ನಾನು ಮುಂಚೆಯೇ ನೋಡಿ ಬಂದಿದ್ದೆ. ಆದರೆ ನೋಡಿದ್ದು ಮಧ್ಯಾಹ್ನ.

ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಗುಂಪಿಗೆ ನಾನು ಮೊದಲು ಹೊಂದಿಸಿಕೊಡಬೇಕಾದ್ದು ಕತ್ತಲು. ಟೆಲಿಸ್ಕೋಪ್ ಆಮೇಲೆ.

ಈಗ ಪ್ರತಿ ಜಾಗವನ್ನೂ ಎರಡು ಸಲ ನೋಡುತ್ತೇನೆ. ಹಗಲಲ್ಲಿ ಹೋದಾಗ ನೆಲ ಸಮ ಇದೆಯಾ, ಕಾಲು ಜಾರುವಂಥ ಗುಂಡಿ ಇದೆಯಾ, ಶೌಚಾಲಯ ಎಷ್ಟು ದೂರ ಅಂತ ನೋಡುತ್ತೇನೆ. ಜಮೀನಿನವರ ಒಪ್ಪಿಗೆಯನ್ನೂ ಆಗಲೇ ಕೇಳಿಬಿಡುತ್ತೇನೆ. ಇನ್ನೊಂದು ಸಲ ರಾತ್ರಿ, ನಾವು ಸೇರುವ ಹೊತ್ತಿಗೇ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗುತ್ತೇನೆ. ಒಂದು ಗಂಟೆ ಸುಮ್ನೆ ನಿಂತಿರುತ್ತೇವೆ. ಯಾವ ಲೈಟು ಎಷ್ಟು ಹೊತ್ತಿಗೆ ಹತ್ತುತ್ತದೆ, ರಸ್ತೆಯ ತಿರುವಿನಿಂದ ಹೆಡ್‌ಲೈಟ್ ಎಲ್ಲಿ ಬೀಳುತ್ತದೆ ಎನ್ನುವುದೆಲ್ಲಾ ಆಗ ಗೊತ್ತಾಗುತ್ತದೆ.

ದಿಕ್ಕನ್ನು ಕೂಡ ನೋಡಬೇಕು. ನಗರದ ಬೆಳಕು ಆಕಾಶದಲ್ಲಿ ಒಂದು ಮಬ್ಬು ಗುಮ್ಮಟದ ಹಾಗೆ ಕಾಣುತ್ತದೆ, 50-60 ಕಿಲೋಮೀಟರ್ ಹೋದರೂ ಪೂರ್ತಿ ಹೋಗುವುದಿಲ್ಲ. ಅದು ನಮ್ಮ ಬೆನ್ನಿಗಿರಬೇಕು. ಆ ತಿಂಗಳು ನೋಡಬೇಕಾದ್ದು ದಕ್ಷಿಣದಲ್ಲಿದ್ದರೆ ನಾನು ನಗರದ ದಕ್ಷಿಣಕ್ಕೇ ಹೋಗುತ್ತೇನೆ. ಆಕಾಶ ಎಷ್ಟು ಕತ್ತಲಾಗಿದೆ ಎಂದು ಹೇಳಲು ಜಾನ್ ಬಾರ್ಟಲ್ 2001ರಲ್ಲಿ ಕೊಟ್ಟ 1ರಿಂದ 9ರವರೆಗಿನ ಅಳತೆ ಇದೆ. 1 ಅಂದರೆ ಅತಿ ಕತ್ತಲು, 9 ಅಂದರೆ ನಗರದ ನಟ್ಟನಡುವೆ. ಮೊದಲ ಸಲ ಬರುವವರಿಗೆ 4 ಅಥವಾ 5 ಧಾರಾಳ ಸಾಕು. ಇನ್ನೂ ಕತ್ತಲು ಬೇಕೆಂದು ಮೂರು ಗಂಟೆ ಗಾಡಿ ಓಡಿಸಿದರೆ, ನಡುರಾತ್ರಿ ನಿದ್ದೆಗಣ್ಣಲ್ಲಿ ವಾಪಸ್ ಓಡಿಸಬೇಕು ಅಲ್ವಾ? ಅದು ನನಗೆ ಬೇಡ. ನನ್ನ ಪರೀಕ್ಷೆ ಸರಳ. ನಗರದಲ್ಲಿ ಸಣ್ಣ ಮಸುಕಿನಂತೆ ಕಾಣುವ ಕೃತ್ತಿಕೆಯಲ್ಲಿ ಅಲ್ಲಿಂದ ಆರು ಚುಕ್ಕಿ ಬಿಡಿಬಿಡಿಯಾಗಿ ಎಣಿಸಲು ಬಂದರೆ ಜಾಗ ಆಯಿತು.

ದಿನದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಲ್ಲರೂ ಅಮಾವಾಸ್ಯೆ ಅನ್ನುತ್ತಾರೆ. ಹೊಸಬರ ಗುಂಪಾದರೆ ನಾನು ಅಮಾವಾಸ್ಯೆ ಕಳೆದ ನಾಲ್ಕೈದನೇ ದಿನ ಇಟ್ಟುಕೊಳ್ಳುತ್ತೇನೆ. ಚಂದ್ರ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡವಾಗಿ ಮುಳುಗುತ್ತಾನೆ. ಹಾಗಾಗಿ ಆ ದಿನಗಳಲ್ಲಿ ಸೂರ್ಯ ಮುಳುಗಿ ಮೂರು ನಾಲ್ಕು ಗಂಟೆಯೊಳಗೆ ಅವನೂ ಹೋಗಿಬಿಡುತ್ತಾನೆ. ಸಂಜೆ ಎಲ್ಲರಿಗೂ ಚಂದ್ರನ ಕುಳಿಗಳನ್ನು ತೋರಿಸಬಹುದು. ಬೆಳಕು ಮತ್ತು ಕತ್ತಲು ಸೇರುವ ಗೆರೆಯಲ್ಲಿ ಕುಳಿಗಳ ನೆರಳು ಉದ್ದವಾಗಿ ಬಿದ್ದು, ಕೈಯಿಟ್ಟರೆ ತರಿತರಿ ಸಿಗುತ್ತದೇನೋ ಎನ್ನುವ ಹಾಗೆ ಕಾಣುತ್ತವೆ. ಹುಣ್ಣಿಮೆಯಲ್ಲಿ ಆ ನೆರಳೇ ಇರುವುದಿಲ್ಲ. ಚಂದ್ರ ಮುಳುಗಿದ ಮೇಲೆ ಉಳಿದ ರಾತ್ರಿ ಪೂರ್ತಿ ಕತ್ತಲು. ಒಂದೇ ರಾತ್ರಿಯಲ್ಲಿ ಎರಡೂ ಸಿಗುತ್ತದೆ.

ಮೋಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ದಿನಾಂಕಗಳನ್ನು ಮೊದಲೇ ಹೇಳಿಡುತ್ತೇನೆ. ಹೋಗುವುದೋ ಬಿಡುವುದೋ ಎಂದು ಅವತ್ತು ಮಧ್ಯಾಹ್ನವೇ ತಿಳಿಸಿಬಿಡುತ್ತೇನೆ.

ಜನ ಎಷ್ಟಿರಬೇಕು ಅನ್ನುವುದನ್ನು ಅನುಭವದಿಂದ ಕಲಿತೆ. ಒಂದು ಟೆಲಿಸ್ಕೋಪಿಗೆ ಹತ್ತು ಜನ ಆರಾಮ. ಹದಿನಾರಕ್ಕಿಂತ ಜಾಸ್ತಿ ಆದರೆ ಸಾಲಿನಲ್ಲಿ ನಿಲ್ಲುವುದೇ ಆಗುತ್ತದೆ, ನೋಡುವುದು ಆಗುವುದಿಲ್ಲ. ಬರುವವರಿಗೆ ನಾನು ಒತ್ತಿ ಹೇಳುವುದು ಒಂದೇ ಮಾತು. ಸೂರ್ಯ ಮುಳುಗುವ ಮುಂಚೆ ಬನ್ನಿ. ಬೆಳಕಿರುವಾಗಲೇ ಬಂದರೆ ಕಲ್ಲುಮುಳ್ಳು ಕಣ್ಣಿಗೆ ಬೀಳುತ್ತವೆ, ಗಾಡಿಯನ್ನು ರಸ್ತೆ ಕಡೆ ಮುಖ ಮಾಡಿ ನಿಲ್ಲಿಸಬಹುದು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಯಾರಾದರೂ ಬೇಗ ಹೊರಟರೆ ರಿವರ್ಸ್ ತೆಗೆಯುವಾಗ ಹಿಂದಿನ ಬಿಳಿ ಲೈಟು ಎಲ್ಲರ ಕಣ್ಣಿಗೂ ಬೀಳುತ್ತದೆ. ಬಾಗಿಲು ತೆಗೆದಾಗ ಹತ್ತುವ ಒಳಗಿನ ಲೈಟನ್ನೂ ಆಗಲೇ ಆಫ್ ಮಾಡಿಸುತ್ತೇನೆ. ಇನ್ನು ಬಟ್ಟೆ. ನೆಲದ ಮೇಲೆ ಮಲಗಿ ಅಲುಗಾಡದೆ ಇದ್ದರೆ ಅಂದುಕೊಂಡದ್ದಕ್ಕಿಂತ ಜಾಸ್ತಿ ಚಳಿಯಾಗುತ್ತದೆ. ಒಂದು ಪದರ ಹೆಚ್ಚಿಗೇ ತನ್ನಿ ಅನ್ನುತ್ತೇನೆ.

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಹಾಗೆ ಹೊಂದಿಕೊಂಡ ಕಣ್ಣು ಒಂದು ಫೋನಿನ ಬೆಳಕಿಗೆ ಕ್ಷಣದಲ್ಲಿ ಹಾಳಾಗುತ್ತದೆ, ಮತ್ತೆ ಮೊದಲಿಂದ ಕಾಯಬೇಕು. ಕೆಂಪು ಬೆಳಕು ಮಂದವಾಗಿದ್ದರೆ ಅಷ್ಟು ತೊಂದರೆಯಿಲ್ಲ, ಯಾಕೆಂದರೆ ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಜೀವಕೋಶಗಳಿಗೆ ಕೆಂಪು ಅಷ್ಟಾಗಿ ತಾಗುವುದಿಲ್ಲ. ನಾನು ನಾಲ್ಕು ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ತರುತ್ತೇನೆ. ಒಂದು ಪದರ ಸಾಲದು, ಮೂರು ಬೇಕು. ಫೋನು ಜೇಬಿನಲ್ಲಿ. ಫೋಟೋ ಬೇಕಾದವರಿಗೆ ಕೊನೆಯಲ್ಲಿ ಹದಿನೈದು ನಿಮಿಷ ಬಿಟ್ಟುಕೊಡುತ್ತೇನೆ. ಆ ಹೊತ್ತು ಇದೆ ಅಂತ ಮೊದಲೇ ಗೊತ್ತಿದ್ದರೆ ಯಾರೂ ನಡುವೆ ಫೋನು ತೆಗೆಯುವುದಿಲ್ಲ.

ಚಂದ್ರನನ್ನು ನೋಡಿ ಮುಗಿಸಿದ ಮೇಲೆ ಟೆಲಿಸ್ಕೋಪಿಗೆ ಮುಚ್ಚಳ ಹಾಕಿ ಎಲ್ಲರನ್ನೂ ಚಾಪೆ ಮೇಲೆ ಮಲಗಿಸುತ್ತೇನೆ. ಅರ್ಧ ಗಂಟೆ ಬರೀ ಕಣ್ಣು. ಚಳಿಗಾಲವಾದರೆ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರದಿಂದ ಶುರು. ಆ ಗೆರೆಯನ್ನು ಒಂದು ಕಡೆ ಎಳೆದರೆ ಲುಬ್ಧಕ, ಇನ್ನೊಂದು ಕಡೆ ಎಳೆದರೆ ರೋಹಿಣಿ, ಅದನ್ನೂ ದಾಟಿದರೆ ಕೃತ್ತಿಕೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಈ ಅಳತೆ ಕೈಗೆ ಬಂತು ಅಂದರೆ ಜನ ತಾವೇ ಒಬ್ಬರಿಗೊಬ್ಬರು ತೋರಿಸಲು ಶುರು ಮಾಡುತ್ತಾರೆ. ನಕ್ಷತ್ರದ ಕಡೆ ಬೊಟ್ಟು ಮಾಡಲು ಹಸಿರು ಲೇಸರನ್ನು ನಾನು ಈಗ ಬಳಸುವುದಿಲ್ಲ. ವಿಮಾನದ ಕಡೆ ತಪ್ಪಿ ತಿರುಗಿದರೂ ಪೈಲಟ್ ಕಣ್ಣು ಕುರುಡಾದಂತಾಗುತ್ತದೆ.

ನನ್ನದು 8 ಇಂಚು ಅಗಲದ ಕನ್ನಡಿಯ ಡಾಬ್ಸೋನಿಯನ್, ಸರಳ ಪೀಠದ ಮೇಲೆ ಕೂರುವ ಟೆಲಿಸ್ಕೋಪ್. ಬ್ಯಾಟರಿ ಇಲ್ಲ, ಮೋಟಾರ್ ಇಲ್ಲ, ಕೈಯಲ್ಲಿ ತಳ್ಳಿದರೆ ತಿರುಗುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ನೋಡುತ್ತಿರುವುದು ತಾನಾಗಿ ಜಾರಿಹೋಗುತ್ತದೆ. 48 ಪಟ್ಟು ದೊಡ್ಡದಾಗಿ ತೋರಿಸುವ 25 ಮಿಲಿಮೀಟರ್ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಸುಮಾರು ನಾಲ್ಕು ನಿಮಿಷ. 200 ಪಟ್ಟಿನದು ಹಾಕಿದರೆ ಒಂದು ನಿಮಿಷವೂ ಸಿಗುವುದು ಕಷ್ಟ. ಸಾಲು ನಿಂತಿರುವಾಗ ದೊಡ್ಡದಾಗಿ ಕಾಣುವುದಕ್ಕಿಂತ ಕಾಣುತ್ತಲೇ ಇರುವುದು ಮುಖ್ಯ. ಹಾಗಾಗಿ ಸಾಲು ಮುಗಿಯುವವರೆಗೆ ಆ 25ರದನ್ನು ಬದಲಿಸುವುದಿಲ್ಲ. ಇಬ್ಬರು ನೋಡಿದ ಮೇಲೆ ನಾನು ಒಮ್ಮೆ ಮಧ್ಯಕ್ಕೆ ತರುತ್ತೇನೆ. ಮಕ್ಕಳಿಗೆ ಸ್ಟೂಲು ಇಡುತ್ತೇನೆ, ಇಲ್ಲದಿದ್ದರೆ ಅವರು ಕೊಳವೆಯನ್ನೇ ಹಿಡಿದು ಜೋಲುತ್ತಾರೆ. ಒಂದು ಕಣ್ಣು ಮುಚ್ಚಲು ಬಾರದವರಿಗೆ ಅಂಗೈ ಅಡ್ಡ ಇಟ್ಟುಕೊಳ್ಳಲು ಹೇಳುತ್ತೇನೆ.

ನೋಡುವ ಮುಂಚೆ ಏನು ಕಾಣುತ್ತದೆ ಅಂತ ಹೇಳಿಬಿಡಬೇಕು. ಫೋಟೋಗಳಲ್ಲಿ ನೋಡಿದ ಕೆಂಪು, ನೇರಳೆ ಮೋಡ ಇಲ್ಲಿ ಸಿಗುವುದಿಲ್ಲ. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದಿಲ್ಲ. ಸುಮಾರು 1,300 ಜ್ಯೋತಿರ್ವರ್ಷ ದೂರದ ಮಹಾವ್ಯಾಧನ ನೀಹಾರಿಕೆ, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಬೂದು ಮಬ್ಬು. ಅದನ್ನು ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿ ಅನ್ನುತ್ತೇನೆ. ಆಗ ಮಬ್ಬು ರೆಕ್ಕೆ ಬಿಚ್ಚಿದ ಹಾಗೆ ಅಗಲವಾಗುತ್ತದೆ. ಕತ್ತಲಲ್ಲಿ ಯಾರದೋ ಉಸಿರು ಒಂದು ಕ್ಷಣ ನಿಂತದ್ದು ಕೇಳಿಸಿದರೆ ಅವರಿಗೆ ಕಂಡಿದೆ ಅಂತ ನನಗೆ ಗೊತ್ತಾಗುತ್ತದೆ.

ಒಂದು ರಾತ್ರಿ ಗುರು ಗ್ರಹ ಚೆನ್ನಾಗಿ ಮೇಲಿತ್ತು. ಎಂಟು ಗಂಟೆಗೆ ಅದರ ನಾಲ್ಕು ದೊಡ್ಡ ಚಂದ್ರರಲ್ಲಿ ಪಕ್ಕದಲ್ಲಿ ಕಂಡದ್ದು ಮೂರೇ. ಬಂದಿದ್ದ ಹುಡುಗಿಯೊಬ್ಬಳ ಕೈಗೆ ಪೆನ್ಸಿಲ್, ಕಾಗದ ಕೊಟ್ಟೆ. ಕೆಂಪು ಬೆಳಕಿನಲ್ಲಿ ಒಂದು ಸುತ್ತು, ಮೂರು ಚುಕ್ಕಿ ಹಾಕಿದಳು. ಹತ್ತು ಗಂಟೆಗೆ ಮತ್ತೆ ನೋಡಿದವಳು ತಲೆ ಎತ್ತದೆಯೇ ಕೂಗಿದಳು. "ಮಾಮ, ಇನ್ನೊಂದು ಬಂದಿದೆ!"

ಎಲ್ಲರೂ ಎದ್ದು ಬಂದರು. ಗುರುವಿನ ಅಂಚಿಗೆ ಅಂಟಿಕೊಂಡ ಹಾಗೆ ನಾಲ್ಕನೆಯ ಚುಕ್ಕಿ. ಅದು ಅಯೋ. ಗುರುವಿನ ಬೆನ್ನ ಹಿಂದೆ ಮರೆಯಾಗಿದ್ದದ್ದು ಹೊರಗೆ ಬಂದಿತ್ತು. 42 ಗಂಟೆ ಚಿಲ್ಲರೆಗೆ ಒಂದು ಸುತ್ತು ಹಾಕುವುದರಿಂದ ಎರಡು ಗಂಟೆಯಲ್ಲಿ ಅದು ಜರುಗುವುದು ಚೆನ್ನಾಗಿಯೇ ತಿಳಿಯುತ್ತದೆ. 1610ರ ಜನವರಿ 7ರಂದು ಗೆಲಿಲಿಯೋ ಕೂಡ ಮೂರೇ ಚುಕ್ಕಿ ನೋಡಿದ್ದ, ನಾಲ್ಕನೆಯದು ಅವನಿಗೆ ಕಂಡದ್ದು 13ರಂದು ಎಂದು ಹೇಳಿದೆ. ಅವಳು ತನ್ನ ಎರಡೂ ಚಿತ್ರದ ಕೆಳಗೆ ಗಂಟೆ, ನಿಮಿಷ ಬರೆದಳು. ಆಮೇಲೆ ಹನ್ನೊಂದೂವರೆಗೆ ಮೂರನೆಯದನ್ನೂ ಹಾಕಿದಳು. ಅಷ್ಟು ಹೊತ್ತಿಗೆ ಚುಕ್ಕಿ ಅಂಚು ಬಿಟ್ಟು ಸಾಕಷ್ಟು ದೂರ ಬಂದಿತ್ತು.

ಆ ರಾತ್ರಿಯಿಂದ ನೋಡುವ ಪಟ್ಟಿಯನ್ನು ಐದಕ್ಕೆ ಇಳಿಸಿದ್ದೇನೆ. ಅದರಲ್ಲಿ ಒಂದನ್ನಾದರೂ ಎರಡು ಹೊತ್ತಿನಲ್ಲಿ ತೋರಿಸುತ್ತೇನೆ. ಕಾಗದ, ಪೆನ್ಸಿಲ್ ಈಗ ಟೆಲಿಸ್ಕೋಪಿನ ಪೆಟ್ಟಿಗೆಯಲ್ಲೇ ಇರುತ್ತವೆ.

ಹೊರಡುವಾಗ ಮಾತ್ರ ಬಿಳಿ ಟಾರ್ಚ್. ಹಾಕುವ ಮುಂಚೆ ಎಲ್ಲರಿಗೂ ಕೂಗಿ ಹೇಳುತ್ತೇನೆ. ನೆಲವನ್ನು ಸಾಲಾಗಿ ನೋಡಿಕೊಂಡು ಹೋದರೆ ಐಪೀಸಿನ ಮುಚ್ಚಳವೋ ಬಿದ್ದ ಕನ್ನಡಕವೋ ಒಂದು ಸಿಕ್ಕೇ ಸಿಗುತ್ತದೆ. ಮನೆಗೆ ಬಂದ ಮೇಲೆ ಕನ್ನಡಿ ಮೇಲೆ ಇಬ್ಬನಿ ಕೂತಿದ್ದರೆ ಒರೆಸುವುದಿಲ್ಲ, ಗೀರು ಬೀಳುತ್ತದೆ. ಮುಚ್ಚಳ ತೆಗೆದು ಕೊಳವೆಯನ್ನು ಅಡ್ಡ ಮಲಗಿಸಿ ಬೆಳಿಗ್ಗೆವರೆಗೆ ಆರಲು ಬಿಡುತ್ತೇನೆ.