ನನ್ನ ಒತ್ತಡ ಇಳಿದದ್ದು ಕೆಲಸದ ಕ್ರಮ ಬದಲಾದ ಮೇಲೆ

ಕೆಲಸದ ಒತ್ತಡ ಅಂದ ಕೂಡಲೇ ಧ್ಯಾನ ಮಾಡಿ, ವಾಕಿಂಗ್ ಹೋಗಿ ಅನ್ನುವವರೇ ಜಾಸ್ತಿ. ಎರಡೂ ಒಳ್ಳೆಯವೇ, ನಾನೂ ಮಾಡುತ್ತೇನೆ. ಆದರೆ ಒತ್ತಡ ಹುಟ್ಟುವುದು ಕೆಲಸದ ಜಾಗದಲ್ಲಿ. ಅಲ್ಲಿ ಏನೂ ಬದಲಾಗದಿದ್ದರೆ ಬೆಳಗಿನ ಧ್ಯಾನದ ನೆಮ್ಮದಿ ಮಧ್ಯಾಹ್ನದವರೆಗೂ ಉಳಿಯುವುದಿಲ್ಲ.

ನಾನು ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ಒಂದು ತಂಡದ ಹೊಣೆ ಹೊತ್ತವಳು. ಒಂದು ಹಂತದಲ್ಲಿ ನಿದ್ದೆ ಕೆಟ್ಟಿತು. ನಸುಕಿನಲ್ಲೇ ಎಚ್ಚರವಾಗಿ, ಬಾಕಿ ಕೆಲಸಗಳು ತಲೆಯಲ್ಲಿ ಸುತ್ತುತ್ತಿದ್ದವು. ಒಂದೇ ಮೇಲ್ ಅನ್ನು ಮತ್ತೆ ಮತ್ತೆ ಓದಿದರೂ ಅರ್ಥವಾಗುತ್ತಿರಲಿಲ್ಲ. ಮನೆಯಲ್ಲಿ ಸಣ್ಣ ಮಾತಿಗೂ ಸಿಡುಕುತ್ತಿದ್ದೆ. ಇದೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ: ಗ್ರಾಹಕರ ಕಷ್ಟ ಕೇಳಿದರೂ ಮನಸ್ಸಿಗೆ ಏನೂ ಅನ್ನಿಸದೆ ಹೋಗಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಬಗ್ಗೆ ಹೇಳಿದ್ದನ್ನು ಓದಿದಾಗ ನನ್ನ ಸ್ಥಿತಿಯೇ ಅಲ್ಲಿ ಕಂಡಿತು. ಅದು ಮೂರು ಲಕ್ಷಣ ಹೇಳುತ್ತದೆ. ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಎಷ್ಟು ಮಾಡಿದರೂ ಏನೂ ಆಗುತ್ತಿಲ್ಲ ಅನ್ನಿಸುವುದು. ಇದು ಕಾಯಿಲೆ ಅಲ್ಲ, ಸರಿಯಾಗಿ ನಿಭಾಯಿಸದೆ ದೀರ್ಘಕಾಲ ಉಳಿದ ಕೆಲಸದ ಒತ್ತಡದ ಫಲ ಅನ್ನುತ್ತದೆ ಆ ಸಂಸ್ಥೆ. ಹಾಗಾದರೆ ಸರಿಪಡಿಸಬೇಕಾದದ್ದು ನನ್ನೊಬ್ಬಳನ್ನೇ ಅಲ್ಲ, ಅಲ್ವಾ?

ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು 1979ರಲ್ಲೇ ಒಂದು ಮುಖ್ಯ ವಿಷಯ ಹೇಳಿದ್ದರು. ಕೆಲಸದ ಹೊರೆ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕು ಅನ್ನುವ ತೀರ್ಮಾನ ನಮ್ಮ ಕೈಯಲ್ಲಿ ಇಲ್ಲದಿದ್ದಾಗ ಮನಸ್ಸಿಗೆ ಪೆಟ್ಟು ಜಾಸ್ತಿ. ನಾನು ಹಿಡಿದದ್ದು ಈ ಎಳೆಯನ್ನೇ.

ಮೊದಲು ನನ್ನ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಪ್ರತಿಯೊಂದರ ಎದುರು ಎಷ್ಟು ಹೊತ್ತು ಬೇಕು, ಯಾರು ಕೇಳಿದ್ದಾರೆ ಅಂತ ಹಾಕಿದೆ. ಕೂಡಿಸಿ ನೋಡಿದರೆ ಅದು ಒಬ್ಬರ ವಾರಕ್ಕೆ ಹಿಡಿಸುವ ಕೆಲಸವೇ ಆಗಿರಲಿಲ್ಲ. ಆ ಹಾಳೆ ಹಿಡಿದು ಮ್ಯಾನೇಜರ್ ಹತ್ತಿರ ಹೋದೆ. "ಸರ್, ತುಂಬಾ ಒತ್ತಡ ಆಗ್ತಿದೆ" ಅಂದಿದ್ದರೆ ಸಮಾಧಾನದ ಮಾತಷ್ಟೇ ಸಿಗುತ್ತಿತ್ತೇನೋ. ನಾನು ಕೇಳಿದ್ದು ಬೇರೆ: "ಸರ್, ಇವುಗಳಲ್ಲಿ ಈ ವಾರ ಯಾವುದು ಮೊದಲು ಆಗಬೇಕು? ಯಾವುದನ್ನು ಮುಂದಕ್ಕೆ ಹಾಕಬಹುದು?" ಅವರು ಪೆನ್ನು ತೆಗೆದುಕೊಂಡು ಎರಡು ವರದಿಗಳನ್ನು ಹೊಡೆದು ಹಾಕಿದರು. ಅವನ್ನು ಯಾರೂ ಓದುತ್ತಲೇ ಇರಲಿಲ್ಲವಂತೆ! ಈಗಲೂ ಹೊಸ ಕೆಲಸ ಬಂದಾಗ ಇದೇ ಪ್ರಶ್ನೆ ಕೇಳುತ್ತೇನೆ: ಇದಕ್ಕಾಗಿ ಯಾವುದನ್ನು ಬಿಡಲಿ?

ಕೆಲಸ ಮುಗಿಸುವ ಮುಂಚೆ ನಾಳೆ ಮೊದಲು ಮಾಡಬೇಕಾದದ್ದನ್ನು ಬರೆದಿಡುತ್ತೇನೆ. ಬರೆದದ್ದನ್ನು ತಲೆ ಹೊತ್ತುಕೊಂಡು ಮನೆಗೆ ಬರುವುದಿಲ್ಲ. ಮೊಬೈಲ್‌ನಲ್ಲಿ ಆಫೀಸ್ ಮೇಲ್‌ನ ಸದ್ದು ಬಂದ್. ನಿದ್ದೆ ಮೊದಲಿನಂತಾಗಲು ಸಮಯ ಹಿಡಿಯಿತು, ಆದರೆ ಆಯಿತು.

ತಂಡದಲ್ಲೂ ಬದಲಾವಣೆ ತಂದೆವು. ರಾತ್ರಿ ಬರೆದ ಮೆಸೇಜ್ ಬೆಳಿಗ್ಗೆ ಹೋಗುವಂತೆ ಇಡುತ್ತೇನೆ. ಬೈದು ಮಾತಾಡುವ ಗ್ರಾಹಕರ ಕರೆ ಮುಗಿದ ಮೇಲೆ ಸ್ವಲ್ಪ ಹೊತ್ತು ಎದ್ದು ಹೋಗಲು ಯಾರೂ ಅನುಮತಿ ಕೇಳಬೇಕಿಲ್ಲ. ಪಾಳಿಯನ್ನು ಅವರವರೇ ಮಾತಾಡಿಕೊಂಡು ಬದಲಿಸಿಕೊಳ್ಳುತ್ತಾರೆ. ಹೆಚ್ಚುವರಿ ಗಂಟೆಗಳನ್ನು ಕಡಿಮೆ ಮಾಡುವ ವಿಷಯಕ್ಕೆ ಮೇಲಿನವರ ವಿರೋಧ ಬಂತು. ಆಗ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಕೊಟ್ಟ ಅಂಕಿಯನ್ನು ಮುಂದಿಟ್ಟೆ: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು. ಅದಾದ ಮೇಲೆ ಚರ್ಚೆಯ ಧಾಟಿ ಬದಲಾಯಿತು.

ನಾನು ಆಪ್ತ ಸಮಾಲೋಚಕರನ್ನೂ ಕಂಡೆ, ಅದನ್ನು ತಂಡಕ್ಕೆ ಹೇಳಿದೆ ಕೂಡ. ಹೇಳಿದ್ದರಿಂದ ಇನ್ನಿಬ್ಬರು ಹೋಗಲು ಧೈರ್ಯ ಮಾಡಿದರು. ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ, ಹತ್ತಿರ ಇರುವವರಿಗೆ ಆಗಲೇ ಹೇಳಿ.

ತಿಂಗಳ ಕೊನೆ ನಮಗೆ ಈಗಲೂ ಕಷ್ಟವೇ. ಆ ವಾರ ಮೀಟಿಂಗ್ ಇಡುವುದಿಲ್ಲ, ಅದು ಮುಗಿದ ಮೇಲೆ ಸರದಿಯಂತೆ ರಜೆ ತೆಗೆದುಕೊಳ್ಳುತ್ತೇವೆ. ಮೊದಲ ರಜೆ ಯಾರಿಗೆ ಅನ್ನುವುದನ್ನು ತಂಡವೇ ತೀರ್ಮಾನಿಸುತ್ತದೆ.